ಬಗ್ಗುವ ಲೆಕ್ಕ

ಕುತೈಸಿಯ ಹಳೇ ಸೇತುವೆಯ ಈಚೆ
ನೆಲಮಾಳಿಗೆಗೆ ಇಳಿಯುವ ಆರು ಮೆಟ್ಟಿಲು,
ಆಮೇಲೆ ಲಮ್ಜೀರಾಳ ರೊಟ್ಟಿ ಅಂಗಡಿ.
ಅಂಗಡಿ ಅಂದರೆ ಒಂದು ಹಲಗೆ, ಒಂದು ತಕ್ಕಡಿ,
ಬಾವಿಯಂಥ ಒಂದು ಮಣ್ಣಿನ ಒಲೆ.

ನಾದಿದ ಹಿಟ್ಟನ್ನು ದೋಣಿಯಂತೆ ಎಳೆದು
ಸೊಂಟದವರೆಗೂ ಒಲೆಯ ಬಾಯಿಗೆ ಬಗ್ಗಿ
ಕಾದ ಗೋಡೆಗೆ ಚಪ್ಪೆಂದು ಬಡಿದು
ಮೈ ಸುಡುವ ಮೊದಲೇ ಮೇಲೇಳಬೇಕು.
ದಿನಕ್ಕೆ ಮುನ್ನೂರು ಸಲ.
ಹುಬ್ಬು ಎಂದೋ ಹೋಯಿತು.
ಮೊಣಕೈಯ ತನಕ ಚುಕ್ಕೆ ಚುಕ್ಕೆ ಬೊಬ್ಬೆ.
"ಇದು ನನ್ನ ರುಜು" ಅನ್ನುತ್ತಾಳೆ, ನಗುತ್ತಾಳೆ.

ಬೆಳಿಗ್ಗೆ ಎಂಟಕ್ಕೆ ಜುಂಬೆರ್ ಬರುತ್ತಾನೆ.
ಇಸ್ತ್ರಿ ಮಾಡಿದ ಕೋಟು,
ಹಿಂದೆ ಯಾವುದೋ ಕಚೇರಿಯ ಮೊಹರು ಒತ್ತುತ್ತಿದ್ದ ಕೈ.
ಮೂರನೇ ಮೆಟ್ಟಿಲು ದಾಟುವುದಿಲ್ಲ.
"ಏಯ್, ಸುಖುಮಿಯವಳೇ, ಒಂದು!"
ಅಲ್ಲಿಂದಲೇ ಎಸೆಯುತ್ತಾನೆ ಲಾರಿ ನಾಣ್ಯ.
ಹಲಗೆಗೆ ತಾಗಿ, ಉರುಳಿ, ನೆಲಕ್ಕೆ.
ಯುದ್ಧದಲ್ಲಿ ಮನೆ ಬಿಟ್ಟು ಬಂದು ಮೂವತ್ತು ವರ್ಷ;
ಅವನ ಬಾಯಲ್ಲಿ ಅವಳಿನ್ನೂ
ನಿನ್ನೆ ತಾನೇ ಬಸ್ಸಿಳಿದವಳು.

ಏಳು ವರ್ಷ ಹೆಕ್ಕಿದಳು.
ಹಾಲು ಕೊಡುವ ಹಸು ಒದ್ದರೆ ಒದೆಸಿಕೊಳ್ಳಬೇಕು
ಎಂದರು ಅತ್ತೆ. ಯಾವ ಊರಿಗೆ ಹೋದರೂ
ಆ ಹಸು ಇದ್ದೇ ಇರುತ್ತದೆ.
ರಾತ್ರಿ ಮಲಗಿದಾಗ ಮಾತ್ರ
ಬರುತ್ತಿದ್ದವು ಉತ್ತರಗಳು, ಒಂದಕ್ಕಿಂತ ಒಂದು ಹರಿತ.
ಕತ್ತಲಲ್ಲಿ ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ
ಸೀಳಿ, ಹಿಂಡಿ, ಒಣಹಾಕಿ
ಬೆಳಿಗ್ಗೆ ಎದ್ದು ಅವನ ರೊಟ್ಟಿಗೇ ಹಿಟ್ಟು ನಾದುತ್ತಿದ್ದಳು.

ಆವತ್ತು ವಿಶೇಷವೇನೂ ಇರಲಿಲ್ಲ.
ಮಾರ್ಚ್ ತಿಂಗಳ ಬುಧವಾರ. ಹಸಿ ದ್ರಾಕ್ಷಿಕಡ್ಡಿ, ಹೊಗೆ.
ನಾಣ್ಯ ಬಿತ್ತು, ಸುತ್ತಿತು, ಮಲಗಿತು.
ಲಮ್ಜೀರಾ ಬಗ್ಗಲಿಲ್ಲ.
ರೊಟ್ಟಿ ಹಲಗೆಯ ಮೇಲೆ, ಎಡಗೈ ರೊಟ್ಟಿಯ ಮೇಲೆ,
ಬಲಗೈ ಮುಂದೆ ಚಾಚಿ ಅಂಗೈ ಬಿಚ್ಚಿ:
"ನನ್ನ ಕೈ ಇಲ್ಲಿದೆ. ಹೆಸರು ಲಮ್ಜೀರಾ."

ಅಷ್ಟೇ. ಏಳು ವರ್ಷ ಮಸೆದ ಮಾತುಗಳಲ್ಲಿ
ಒಂದೂ ಬೇಕಾಗಲಿಲ್ಲ.
ಸಾಲಿನಲ್ಲಿದ್ದವರು ತಂತಮ್ಮ ಬೂಟು ನೋಡಿಕೊಂಡರು.
ಜುಂಬೆರ್ ಕೆಮ್ಮಿದ. ತಿರುಗಿದ. ಹತ್ತಿ ಹೋದ.
ಅಂಗೈ ಇನ್ನೂ ಸ್ವಲ್ಪ ಹೊತ್ತು
ಹಾಗೇ ಇತ್ತು, ನಡುಗುತ್ತ.

"ಗಿರಾಕಿ ಹೋದ" ಅಂದರು ಅತ್ತೆ.
"ಹೋಗಲಿ" ಅನ್ನುವಷ್ಟು ಧೈರ್ಯ ಎಲ್ಲಿಂದ ಬರಬೇಕು?
ಬೆರಳು ಮಡಚಿ ಲೆಕ್ಕ ಹಾಕಿದಳು:
ತಿಂಗಳಿಗೆ ಮೂವತ್ತು ರೊಟ್ಟಿ, ಕರೆಂಟ್ ಬಿಲ್ಲಿಗಾಗುತ್ತಿತ್ತು.

ಅಷ್ಟರಲ್ಲಿ ಕಟ್ಟಿಗೆಯ ಹುಡುಗ ಬಂದ.
ದಿನವೂ ಬರುವವನು. ದಿನವೂ ಅವಳು
ಒಲೆಯಿಂದ ತಲೆ ಎತ್ತದೆ "ಏಯ್, ಅಲ್ಲಿ ಹಾಕು" ಎಂದು
ಚಿಲ್ಲರೆಯನ್ನು ಹೊರೆಯ ಮೇಲೆ ಎಸೆಯುತ್ತಿದ್ದವಳು.
"ಏ" ಎಂಬಲ್ಲಿಗೆ ನಾಲಿಗೆ ನಿಂತಿತು.
ಕೈಯ ಹಿಟ್ಟು ಒರೆಸಿಕೊಂಡು ಕೇಳಿದಳು,
ನಿನ್ನ ಹೆಸರೇನಪ್ಪ?
"ಗೋಚಾ."
ಮೂರು ಚಳಿಗಾಲ ಕಟ್ಟಿಗೆ ಹೊತ್ತ ಮೇಲೆ.
ಒಲೆಯ ಮುಂದೆ ನಿಂತದ್ದು ಒಳ್ಳೆಯದಾಯಿತು:
ಮುಖ ಕೆಂಪಾದದ್ದು ಯಾರಿಗೂ ಗೊತ್ತಾಗಲಿಲ್ಲ.

"ಅಕ್ಕಾ, ಅಲ್ಲಿ ಒಂದು ಲಾರಿ ಬಿದ್ದಿದೆ."
"ಬಿದ್ದದ್ದು ನಮ್ಮದಲ್ಲ ಗೋಚಾ, ಬಿಡು."

ಈಸ್ಟರ್ ಕಳೆದು ಒಂದು ದಿನ ಜುಂಬೆರ್ ಮತ್ತೆ.
ನಾಲ್ಕನೇ ಮೆಟ್ಟಿಲು, ಐದು, ಆರು.
ಕ್ಷಮೆ ಕೇಳಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ.
ನಾಣ್ಯವನ್ನು ಹಲಗೆಯ ಮೇಲಿಟ್ಟ.
ಕೈಗಲ್ಲ, ಹಲಗೆಗೆ. ಅಷ್ಟು ದೂರ ಬಂದಿದ್ದ.

"ಹಳೆಯದು ಅಲ್ಲೇ ಇದೆ, ಬಗ್ಗಿ ತಗೋ":
ನಾಲಿಗೆಯ ತುದಿಗೆ ಬಂತು.
ಎಷ್ಟು ಸಿಹಿಯಾಗಿತ್ತು ಅದು!
ನುಂಗಿದಳು. ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು,
ಎಲ್ಲರಿಗೆ ಕೊಡುವಂಥದ್ದೇ;
ಹೆಚ್ಚು ಸೀದಿರಲಿಲ್ಲ, ಹಸಿ ಉಳಿದಿರಲಿಲ್ಲ.

ಆ ನಾಣ್ಯ ಇವತ್ತಿಗೂ ಹಲಗೆಯ ಕೆಳಗೆ
ಹಿಟ್ಟು ಕೂತು ಬಿಳಿಚಿದೆ. ಮಧ್ಯಾಹ್ನ ಗುಡಿಸುವಾಗ
ಪೊರಕೆ ಅದನ್ನು ಸುತ್ತಿಕೊಂಡು ಹೋಗುತ್ತದೆ.
ಸಂಜೆಯ ಸಾಲಿಗೆ
ಇನ್ನೂ ನಲವತ್ತು ಸಲ ಬಗ್ಗುವುದಿದೆ.